ಒಪ್ಪತ್ತು

ಫೆಲೋಶಿಪ್ ಹಣ ಬರುವುದು ನಿಂತ ಮೇಲೆ ದಾಕ್ಷಾಯಿಣಿ ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಗುರುವಾರವೂ ಸೇರಿಕೊಂಡಿತು. ಕಡೆಗೆ, ವರ್ಷಪೂರ್ತಿ ಒಪ್ಪತ್ತು ಇರುವ ಹರಕೆ, ಮಧ್ಯಾಹ್ನ ಅನ್ನ ಮುಟ್ಟುವುದಿಲ್ಲ ಅಂದುಬಿಟ್ಟಳು. ಜೊತೆಯ ಪಿಎಚ್.ಡಿ. ಹುಡುಗಿಯರು ಡಬ್ಬಿ ಬಿಚ್ಚುವ ಹೊತ್ತಿಗೆ ಲೈಬ್ರರಿ ಹಿಂದಿನ ನಲ್ಲಿಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬರುತ್ತಿದ್ದಳು. ಮೊದಮೊದಲು ಒತ್ತಾಯ ಮಾಡುತ್ತಿದ್ದ ಅವರು, ಅವಳೆದುರು ಉಣ್ಣಲು ಸಂಕೋಚವಾಗಿ ಬೇರೆ ಕೋಣೆಗೆ ಹೋಗತೊಡಗಿದರು. ಮಧ್ಯಾಹ್ನವೆಲ್ಲ ಅವಳೊಬ್ಬಳೇ.

ಒಂದು ದಿನ ಅವಳ ಗೈಡ್ ಮೇಡಂ ಕರೆಸಿದರು.

"ಫೆಲೋಶಿಪ್ ಇಲ್ಲದೆ ಎಷ್ಟೋ ಹುಡುಗರು ಹಸ್ಕೊಂಡೇ ಓದ್ತಿದಾರೆ. ನಿನಗೆ ಗೊತ್ತಾ?"

"ಗೊತ್ತು ಮೇಡಂ."

"ಬಾಯಿಬಿಟ್ಟು ಹೇಳೋಕೆ ಅವರಿಗೆ ನಾಚಿಕೆ. ಅದಕ್ಕೇ ಮೇಷ್ಟ್ರುಗಳೆಲ್ಲ ಸೇರಿ ನಾಳೆಯಿಂದ ಮಧ್ಯಾಹ್ನದ ಊಟ ಶುರು ಮಾಡ್ತಿದೀವಿ. ಬಿಸಿ ಅನ್ನ, ಬೇಳೆ ಸಾರು, ಒಂದು ಪಲ್ಯ."

ಸಾರು ಅಂದ ಕೂಡಲೇ ಅವಳ ಬಾಯಲ್ಲಿ ನೀರೂರಿತು. ಹರಕೆಯೂ ಇಲ್ಲ, ಗಿರಕೆಯೂ ಇಲ್ಲ ಅಂತ ಹೇಳಿಬಿಡೋಣ, ಈ ಹೆಂಗಸಿನ ಹತ್ತಿರ ಏನು ಮುಚ್ಚುಮರೆ ಅನ್ನಿಸಿತು.

"ಮೇಡಂ, ನಾನೂ..."

"ನೀನು ಬಂದೇ ಬರ್ತೀಯ ಅಂತ ನನಗೆ ಗೊತ್ತಿತ್ತು." ಮೇಡಂ ಅವಳ ಕೈ ಹಿಡಿದುಕೊಂಡರು. "ಹಸಿದವರ ಕೈಗೆ ಸೌಟು ಕೊಟ್ಟರೆ ಮೊದಲು ತಮ್ಮ ತಟ್ಟೆಗೇ ಹಾಕ್ಕೋತಾರೆ. ಮಧ್ಯಾಹ್ನ ಅನ್ನ ಮುಟ್ಟದವಳು ನೀನೊಬ್ಬಳೇ, ಬಡಿಸೋ ಕೆಲಸ ನಿನ್ನದು."