ಅಗಸಿ ಮುಂದೆ ಆರಿದ ಮೋಟಾರು

ಕಮಲಾಪುರದ ಇಕ್ಕಟ್ಟು ಊರಬಾಗಿಲು, ಅಗಸಿಯ ಹತ್ತಿರ ನಿಧಾನ ಮಾಡಿದ ಕೂಡಲೇ, ಮಾತು ಬಿಟ್ಟ ಅತ್ತೆಯ ಮನೆ ಎದುರೇ ಮೋಟಾರು ಮೂರನೇ ವಾರವೂ ಆರಿ ನಿಂತಾಗ ವಕೀಲ ಜಗದೇವಪ್ಪನ ಅನುಮಾನ ಗಟ್ಟಿಯಾಯಿತು. "ದತ್ತಪ್ಪಾ, ಆ ಮುದುಕಿ ನಿನಗೆಷ್ಟು ಲಂಚ ತಿನಿಸ್ಯಾಳ?"

"ದೇವರಾಣಿ ಇಲ್ಲರೀ ಸಾಹೇಬ್ರ," ಡ್ರೈವರ್ ದತ್ತಪ್ಪ ಬಾನೆಟ್ಟು ಎತ್ತಿದ. "ನಿಧಾನ ಮಾಡಿದ್ರೂ ಎಂಜಿನ್ ಆರಬಾರದಂತ ಮುಂಜಾನೆ ಕಲಬುರಗ್ಯಾಗೇ ಈ ತಿರುಪು ಬಿಗಿ ಮಾಡೀನ್ರೀ. ಯಾರೋ ಸಡಿಲ ಮಾಡ್ಯಾರ."

"ಯಾರೋ!" ಜಗದೇವಪ್ಪ ಹಲ್ಲು ಕಡಿಯುತ್ತ ಬಗ್ಗಿ ನೋಡಿದ. ದತ್ತಪ್ಪನ ಬೆರಳಿಗೆಲ್ಲ ಕರಿ ಎಣ್ಣೆ. ತಿರುಪಿನ ತಲೆಗೆ ಹತ್ತಿದ್ದು ಮಾತ್ರ ಅರಿಶಿಣ. ದತ್ತಪ್ಪನ ಕಣ್ಣಿಗೆ ಬೀಳುವ ಮೊದಲೇ ಜಗದೇವಪ್ಪ ಅದನ್ನು ತಲೆಯ ರುಮಾಲಿನ ಚುಂಗಿನಿಂದ ಒರೆಸಿಬಿಟ್ಟ.

ಹಿಂದಿನ ಸೀಟಿನಲ್ಲಿ ಹೆಂಡತಿ ಶಿವಕಾಂತಮ್ಮ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಎರಡು ವರ್ಷದಿಂದ ಅವನು ಅವಳಿಗೆ ತವರಿನ ಹೊಸ್ತಿಲು ತುಳಿಯಗೊಟ್ಟಿರಲಿಲ್ಲ. ಆ ಹೊಸ್ತಿಲ ಮೇಲೆ ಮುದುಕಿ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು, ಮಗಳನ್ನೇ ನೋಡುತ್ತ ನಿಂತಿದ್ದಳು.

ದತ್ತಪ್ಪ ತಿರುಪು ಬಿಗಿದು ಹ್ಯಾಂಡಲ್ ಹೊಡೆದ. ಎಂಜಿನ್ ಹದವಾಗಿ ಗುರುಗುಟ್ಟಿತು. "ಇನ್ನ ಆರಂಗಿಲ್ಲರೀ. ಹೊರಡೋಣ್ರೀ?"

ಜಗದೇವಪ್ಪ ಕೈ ಹಾಕಿ ತಾನೇ ತಿರುಪು ಸಡಿಲಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ರಿಪೇರಿಗೆ ಸಂಜೀತನಕ ಹಿಡೀತದ," ಎಂದ, ಹೆಂಡತಿ ಇಳಿಯಲೆಂದು ಬಾಗಿಲು ತೆಗೆಯುತ್ತ.