ಕೇಳದೆ ಕಟ್ಟಿದ ವಿಮೆ

"ನಿಮಗ ಯಾರ್ ಕಟ್ಟಂದ್ರು?" ರೇವವ್ವನ ಬಾಯಿಂದ ಮಾತು ಜಾರಿಯೇ ಬಿಟ್ಟಿತು.

ಕಲಘಟಗಿಯಿಂದ ಲೂನಾ ಮೇಲೆ ತಂಬೂರ ಹಳ್ಳಿಗೆ ಬಂದಿದ್ದ ವಿಮೆ ಏಜೆಂಟ ದಿನಕರ ಇನ್ನೂ ಪಡಸಾಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಕಾರಿನ ಹೊಸ ಪಾಲಿಸಿಯನ್ನು ಆಕೆಯ ಗಂಡ ಈರಬಸಪ್ಪಗೌಡರ ಮುಂದಿಟ್ಟು, ಶಹಬ್ಬಾಸ್ ಅಂದಾರೆಂದು ಹಲ್ಲು ಕಿರಿಯುತ್ತಿದ್ದವನು ಗಾಬರಿಯಾದ.

"ಯಾರೂ ಅನ್ನಲಿಲ್ರಿ ಅಕ್ಕಾರ. ವರ್ಷಾ ವರ್ಷಾ ನಾನ ಮೊದಲ ಕಟ್ಟಿ, ಆಮ್ಯಾಲೆ ಇಸ್ಕೊಂಡು ಹೋಗೂದು ರೂಢಿ ಅಲ್ರಿ? ಗೌಡ್ರ ಗಾಡಿ ವಿಮಾ ಇಲ್ದ ಒಂದಿನಾನೂ ನಿಂದರಬಾರದು ನೋಡ್ರಿ."

ಗೌಡರು ಕಾಗದ ಮುಟ್ಟಲಿಲ್ಲ. "ಚಾ ಮಾಡು" ಎಂದರು, ಅಷ್ಟೇ.

ಒಲೆಯ ಮುಂದೆ ಕೂತ ರೇವವ್ವನಿಗೆ ಅಳು ಬರುವುದೊಂದೇ ಬಾಕಿ. ಗೌಡರ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಹೋದ ಸುಗ್ಗಿಯಲ್ಲಿ ಕಾರನ್ನು ನೆಟ್ಟಗೆ ಮೇವಿನ ಬಣವೆಗೆ ನುಗ್ಗಿಸಿ, ಬ್ರೇಕು ಹಿಡಿಯಲಿಲ್ಲ ಎಂದು ಊರಿಗೆಲ್ಲ ಹೇಳಿದ್ದರು. ಬ್ರೇಕಿಗೇನು ಧಾಡಿ, ಅದು ಗಟ್ಟಿಮುಟ್ಟಾಗಿಯೇ ಇತ್ತು! ಆದರೆ ಆ ಮಾತು ಎತ್ತುವವರು ಯಾರು? ಊರಿಗೆ ಇದ್ದದ್ದು ಅದೊಂದೇ ಕಾರು. ಹೆರಿಗೆ ಇರಲಿ, ಹಾವು ಕಡಿದಿರಲಿ, ಹುಬ್ಬಳ್ಳಿ ದವಾಖಾನೆಗೆ ಗೌಡರೇ ಒಯ್ಯಬೇಕು. ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ, ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವರೂ ಅಲ್ಲ. ಹಾಗೆಯೇ ಕಾಗದಪತ್ರ ಸರಿ ಇಲ್ಲದೆ ಗಾಡಿಯನ್ನು ಅಂಗಳ ದಾಟಿಸುವ ಮನುಷ್ಯನೂ ಅಲ್ಲ. ವಿಮೆ ಮುಗಿದರೆ ಗಾಡಿ ತಾನಾಗಿ ನಿಲ್ಲುತ್ತದೆ, ಗಂಡನ ಮರ್ಯಾದೆಯೂ ಉಳಿಯುತ್ತದೆ ಎಂದು ಆಕೆ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು. ಈ ಪುಣ್ಯಾತ್ಮ ಬಂದು ತಣ್ಣೀರೆರಚಿದ್ದ.

ಚಹಾ ತಂದಾಗ ಪುಣ್ಯಾತ್ಮ ಇನ್ನೊಂದು ಸುದ್ದಿ ಬಿಚ್ಚಿದ. "ಬರೂ ಮುಂದ ನಿಮ್ಮೂರ ಅಲ್ಲಾಬಕ್ಷ ಸಿಕ್ಕಿದ್ನರಿ. ಮಗಳು ಜಮಾಲಬಿಗೆ ದಿನ ತುಂಬ್ಯಾವಂತ, ಕೂಸು ಅಡ್ಡ ಅದ ಅಂತ. ನಾಳೆ ಮುಂಜಾನೆನ ಹುಬ್ಬಳ್ಳಿಗೆ ಒಯ್ಯಬೇಕಂತ. ವಿಮಾ ಮುಗೀತೇನೋ ಅಂತ ಪಾಪ ಹೆದರಿದ್ದ. ಚಿಂತಿ ಬಿಡು, ಕಾಗದ ನನ್ನ ಕಿಸೇದಾಗ ಅದ, ಗೌಡ್ರು ಬರ್ತಾರ ಅಂತ ಹೇಳೇ ಬಂದೀನ್ರಿ."

"ಅದನ್ನ ರದ್ದ ಮಾಡಸ್ರಿ," ಅಂದಳು ರೇವವ್ವ.

"ಗೌಡ್ರು ಅರ್ಜಿ ಕೊಡಬೇಕಾಗ್ತದ್ರಿ. ಆದ್ರ ಯಾಕ್ರಿ ಅಕ್ಕಾರ?"

"ಯಾಕಂದ್ರ ಇವರಿಗೆ ಕಣ್ಣ ಕಾಣಂಗಿಲ್ಲ!" ಹೊರಗಿನವರ ಎದುರಿಗೆ ಗಂಡನ ಬಗ್ಗೆ ಇಂಥ ಮಾತು ಆಡಿದವಳೇ ಅಲ್ಲ. ಈಗ ತಡೆಯಲಾಗಲಿಲ್ಲ. "ತುಂಬಿದ ಬಸರಿನ್ನ ಕೂಡಿಸ್ಕೊಂಡು ಎಲ್ಲೆರ ಲಾರಿಗೆ ಹಾಯಿಸಿದ್ರ ಏನ್ರಿ ಗತಿ? ಬೈರಿ, ಬೇಕಾದ್ರ ಹೊಡೀರಿ. ನನಗ ಹೆದರಿಕಿ ಆಗತೈತಿ."

ದಿನಕರ ಚಹಾದ ಬಸಿ ಕೆಳಗಿಟ್ಟ. ಗೌಡರು ಸಿಡಿದೇಳುತ್ತಾರೆಂದೇ ರೇವವ್ವ ತಿಳಿದಿದ್ದಳು. ಅವರು ಮೆಲ್ಲಗೆ ನಕ್ಕರು.

"ನಿನಗೂ ಗೊತ್ತಿತ್ತೇನ? ನಾ ಎಷ್ಟ ಮುಚ್ಚಿಟ್ಟಿದ್ದೆ," ಎಂದು ದಿನಕರನ ಕಡೆ ತಿರುಗಿದರು. "ಈ ವರ್ಷ ನೀ ಮರೀತೀಯೇನೋ ಅಂತ ನಾನೂ ಕಾಯಾಕತ್ತಿದ್ದೆಪಾ. ವಿಮಾ ಮುಗೀತು, ಅದಕ್ಕ ಗಾಡಿ ಬಿಟ್ಟೆ ಅಂತ ಮಂದಿಗೆ ಹೇಳಾಕ ಒಂದ ನೆವಾ ಆಗ್ತಿತ್ತು. ಅದನ್ನೂ ಕಸ್ಕೊಂಡಿ."

"ತಪ್ಪಾತ್ರಿ. ಈಗ ಅರ್ಜಿ ಬರೀಲೇನ್ರಿ?"

"ಬ್ಯಾಡ. ವಿಮಾ ಗಾಡೀದು, ಇರಲಿ. ಜಮಾಲಬಿ ಗಂಡ ಲಾರಿ ಓಡಸಾಂವ, ಊರಾಗ ಅದಾನ. ಕೀಲಿ ಅವನಿಗೆ ಕೊಟ್ಟ ಬರ್ತೀನಿ, ಹೇಣ್ತಿನ್ನ ಅಂವಾನ ಒಯ್ಯಲಿ."

ಉಡದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲವರೆಗೆ ಹೋದವರು ಅಲ್ಲೇ ನಿಂತರು. "ಬಿಸಲಾಗ ಮೆಟ್ಟಲಾ ತಿಳಿಯಂಗಿಲ್ಲ. ನೀನೂ ಬಾ," ಎಂದು ರೇವವ್ವನನ್ನು ಕರೆದರು.

ಲಗ್ನವಾದಂದಿನಿಂದ ಓಣಿಯಲ್ಲಿ ಗೌಡರು ಮುಂದೆ, ಆಕೆ ಹಿಂದೆ. ಇವತ್ತು ರೇವವ್ವ ಮುಂದೆ ನಡೆದಳು. ಗೌಡರು ಆಕೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಹಿಂದೆ ಬಂದರು. ಕಟ್ಟೆಯ ಮೇಲೆ ಕೂತ ಮಂದಿ ಕತ್ತು ಹೊರಳಿಸಿ ನೋಡಿದರು. ನಾಚಿಕೆಯಿಂದಲೋ ದುಃಖದಿಂದಲೋ ರೇವವ್ವ ಸೆರಗು ಮುಂದೆಳೆದುಕೊಂಡಳು.

"ಏನ್ರಿ ಗೌಡ್ರ, ವಿಮಾ ಆತಂತ! ಮತ್ತ ಕಾರ್ ಬಿಟ್ಟು ನಡಕೋತ ಹೊಂಟೀರಲ್ಲ?" ಕಟ್ಟೆಯ ಮೇಲಿಂದ ಬಸಣ್ಣ ಕೂಗಿದ.

"ಕಣ್ಣ ಕಾಣಂಗಿಲ್ಲಪಾ ಬಸಣ್ಣ," ಗೌಡರು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು, "ಅದಕ್ಕ ಈಕಿ ಒಯ್ಯಾಕತ್ತಾಳ."