ಮೀನಿನ ಡಬ್ಬಿಯ ಹಳದಿ ಸ್ಟಿಕ್ಕರ್

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿ. ಗುಂಡ್ಲುಪೇಟೆಯ ಮೀನಂಗಡಿಯಲ್ಲಿ ಮಾಲೀಕ ರಘುನಾಥ ಅಡಿಕೆ ಹಾಳೆಯ ಡಬ್ಬಿಯೊಂದನ್ನು ಕೈಗೆತ್ತಿಕೊಂಡ. ಮುಚ್ಚಳದ ತೂತಿಗೆ ಅಂಟಿಸಿದ್ದ ಅರಿಶಿನದ ಸ್ಟಿಕ್ಕರ್ ಆರತಿ ನೀರಿನಷ್ಟು ಕೆಂಪಾಗಿತ್ತು. ಒಳಗಿನ ಮೀನು ಕೆಟ್ಟರೆ ಹಾಗೆ ಕೆಂಪಾಗಲಿ ಎಂದೇ ಉಡಿಗಾಲದ ಸುಧಾಮಣಿ ಎರಡು ವರ್ಷ ಒದ್ದಾಡಿ ಅದನ್ನು ಮಾಡಿದ್ದಳು.

"ನೋಡಿದ್ರಾ ರಘುನಾಥಣ್ಣ, ಕೆಂಪಾಗ್ಬುಡ್ತು!" ಎಂದು ಅವಳು ಕುಣಿಯುವುದೊಂದೇ ಬಾಕಿ.

ರಘುನಾಥ ಆ ಕೆಂಪನ್ನು ಉಗುರಿನಿಂದ ಕೆರೆದು ಕಿತ್ತ. ತೂತಿನಿಂದ ಕೊಳೆತ ನಾತ ಗಪ್ಪನೆ ಹೊರಗೆ ಬಂತು. ಅವನು ಅವಳ ಚೀಲದಿಂದ ಹೊಸ ಹಳದಿ ಸ್ಟಿಕ್ಕರ್ ತೆಗೆದು, ನಾಲಿಗೆಯಿಂದ ನೆಕ್ಕಿ, ಅದೇ ತೂತಿಗೆ ಒತ್ತಿ ಅಂಟಿಸಿದ.

"ಸಕತ್ತಾಗದೆ ಕಣಮ್ಮಿ ನಿನ್ ಮಾಲು. ಜನ ಹಳ್ದಿ ನೋಡೇ ತಗತಾರೆ. ಹತ್ತು ಸಾವ್ರ ಸ್ಟಿಕ್ಕರ್ ಬರ್ಕೊ. ಕೆಂಪಾದಂಗೆಲ್ಲ ಬದ್ಲಾಯಿಸ್ಕೋತೀನಿ!"

ಸುಧಾಮಣಿ ಆ ಹೊಸ ಸ್ಟಿಕ್ಕರ್ ಕೀಳಲು ಕೈ ಚಾಚಿ, ಹಿಂತೆಗೆದಳು. ಇದು ಅವಳ ಮೊದಲ ಆರ್ಡರ್. ಇದು ಕೈತಪ್ಪಿದರೆ ಸ್ಟಿಕ್ಕರ್ ಮಾಡುವ ಕೆಲಸಕ್ಕೇ ಬೀಗ ಹಾಕಬೇಕಿತ್ತು. ಅಷ್ಟರಲ್ಲಿ ಮೀನು ಕೊಳ್ಳಲು ಬಂದ ಸಣ್ಣತಾಯಮ್ಮ ಅದೇ ಡಬ್ಬಿ ಎತ್ತಿಕೊಂಡರು.

"ಆ ಸ್ಟಿಕ್ಕರ್ ಕಂಡಿಡ್ದೋಳು ಇವ್ಳೇ ಕಣಜ್ಜಿ, ಬೇಕಾರೆ ಕೇಳ್ಕಳಿ" ಎಂದು ರಘುನಾಥ ಹಲ್ಲು ಕಿರಿದ.

ಅಜ್ಜಿ ಡಬ್ಬಿಯನ್ನು ಸುಧಾಮಣಿಯ ಮುಖದ ಹತ್ತಿರಕ್ಕೇ ತಂದರು. "ಹಳ್ದಿ ಇದ್ರೆ ಒಳ್ಳೆ ಮೀನು ತಾನೆ ಕಣವ್ವ? ಮಗ್ಳು ಬಾಣಂತಿ. ಅವ್ಳಿಗೆ ಇಕ್ಬೋದಾ?"

ಸುಧಾಮಣಿ ಹೂಂ ಎಂದು ತಲೆ ಆಡಿಸಿಬಿಟ್ಟಳು.

ಥೂ! ಅಜ್ಜಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದಾರೆ. ಕೂಗಿದರೆ ಈಗಲೂ ಕೇಳಿಸುತ್ತದೆ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?